ಹಂದಿಗೆ ಅಕ್ಕಚ್ಚು ಹೊತ್ತವರು

ಕುತ್ತಿಗೆಗೆ ಕತ್ತಿ ಇಳಿದಾಗ ಹಂದಿ ಥೇಟ್ ಮನುಷ್ಯರ ಹಾಗೆ ಕೂಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ತಂಗಿ ಹೇಳಿದ್ದು ಬೇರೆ. ಮುರಿದ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಅಮ್ಮನ ಅಡುಗೆಮನೆಯಲ್ಲಿ ಕೂತಿದ್ದವಳು, ಯಾವ ಸಿಟ್ಟೂ ಇಲ್ಲದೆ, ಚಾ ಊದಿಕೊಳ್ಳುತ್ತ ಹೇಳಿದಳು: "ಅಲ್ಲಿ ಮನ್ಷರ್ ಕೂಗಿರೂ ಹಂದಿ ಕೂಗ್ತ್ ಅಂದ್ಕಂಡ್ ಸುಮ್ನಾತ್ರ್ ಅಕ್ಕ."

ನಮ್ಮ ಮನೆಯೊಳಗಿನ ಮಾತು ಕೊಂಕಣಿ. ಅಂಗಳ ದಾಟಿದರೆ ಕುಂದಾಪ್ರ ಕನ್ನಡ. ಸಿಟ್ಟು ಬಂದರೆ ಒಳಗೂ ಕುಂದಾಪ್ರ ಕನ್ನಡವೇ, ಯಾಕೆಂದರೆ ಕೊಂಕಣಿಯಲ್ಲಿ ನಮಗೆ ಪ್ರಾರ್ಥನೆ ಅಭ್ಯಾಸ, ಬೈಗುಳ ಅಷ್ಟು ಸಲೀಸಲ್ಲ. ಆ ಡಿಸೆಂಬರ್ ಇಡೀ ಸಿಟ್ಟಿನಲ್ಲೇ ಕಳೆದದ್ದರಿಂದ ಎಲ್ಲರ ಮಾತನ್ನೂ ಅದರಲ್ಲೇ ಬರೆಯುತ್ತಿದ್ದೇನೆ.

ನಾನು ಬ್ರಹ್ಮಾವರದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಮದುವೆಯಾಗಲಿಲ್ಲ, ಅಮ್ಮನ ಜೊತೆ ಇದ್ದೇನೆ. ತಂಗಿಯನ್ನು ಕೊಟ್ಟದ್ದು ಬೈಂದೂರಿನ ಕಡೆ. ಅವಳ ಗಂಡ ನೋಡಲು ಬಲು ಚಂದದ ಆಳು, ತೋಳು ಅಂದರೆ ತೋಳು. ಅಲ್ಲಿ ಯಾರಾದರೂ ಸತ್ತರೆ ಹೊಂಡ ತೋಡಲು ಮೊದಲು ಹಾರೆ ಹಿಡಿಯುವವನು ಅವನೇ, ಚರ್ಚಿನ ಹಬ್ಬಕ್ಕೆ ಚಪ್ಪರದ ಕಂಬ ಹೂಳುವವನೂ ಅವನೇ. ಎಲ್ಲಕ್ಕಿಂತ ಹೆಚ್ಚಾಗಿ, ಅವರ ವಾಡೆಯ ಹಂದಿ ಕಡಿಯುವವನು ಅವನು. ವಾಡೆ ಎಂದರೆ ಒಂದು ಚರ್ಚಿಗೆ ಸೇರಿದ ಹತ್ತಿರ ಹತ್ತಿರದ ಕೆಲವು ಮನೆಗಳು. ಅದಕ್ಕೊಬ್ಬ ಗುರಿಕಾರ, ಅಂದರೆ ಮುಖ್ಯಸ್ಥ.

ಆಗಮನ ಕಾಲ ಎಂದು ನಾವು ಕರೆಯುವುದು ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರಗಳನ್ನು. ಪೂಜೆಯ ಪೀಠಕ್ಕೆ ನೇರಳೆ ಬಟ್ಟೆ ಹೊದಿಸುತ್ತಾರೆ. ನಮ್ಮ ಚರ್ಚಿನದನ್ನು ಹೊಲಿದವಳು ನಾನೇ. ಬರುವವನಿಗಾಗಿ ದಾರಿ ಸಮ ಮಾಡಿ, ಅಂಕುಡೊಂಕು ತೆಗೆಯಿರಿ ಎಂದು ಫಾದರ್ ಪ್ರತಿ ವರ್ಷ ಹೇಳುತ್ತಾರೆ. ತಂಗಿಯ ವಾಡೆಯವರು ಮಾಡುತ್ತಿದ್ದ ಸಿದ್ಧತೆ ಎರಡು. ಒಂದು, ಎಲ್ಲರೂ ಸೇರಿ ತಂದ ಹಂದಿಯನ್ನು ಮೊದಲ ಭಾನುವಾರದಿಂದ ಅವನ ಮನೆಯ ಹಿಂದೆ ಕಟ್ಟುವುದು. ಅಕ್ಕಿ ತೊಳೆದ ನೀರು, ಹಳಸಿದ ಗಂಜಿ, ಬಾಳೆಹಣ್ಣಿನ ಸಿಪ್ಪೆ ಎಲ್ಲ ಸೇರಿದ ಅಕ್ಕಚ್ಚನ್ನು ದಿನಾ ಸಂಜೆ ಸರದಿಯಲ್ಲಿ ಒಂದೆರಡು ಮನೆಯವರು ಬಕೆಟಿನಲ್ಲಿ ಹೊತ್ತು ತಂದು ಅದರ ಮರಿಗೆಗೆ ಸುರಿಯುವುದು. ಹಬ್ಬದ ಮುಂಚಿನ ದಿನ ಅವನು ಒಂದೇ ಏಟಿಗೆ ಚುಚ್ಚಿ, ಸುಟ್ಟು, ಹೆರೆದು, ಎಲ್ಲರಿಗೂ ಪಾಲು ಹಾಕುವುದು. ಎರಡನೆಯದು ರಾಜಿ. ಹಬ್ಬಕ್ಕೆ ಮೊದಲು ವಾಡೆಯಲ್ಲಿ ಮಾತು ಬಿಟ್ಟ ಮನೆ ಇರಬಾರದು. ಬೇಲಿ ಜಗಳವಿರಲಿ, ಬಾವಿ ಜಗಳವಿರಲಿ, ಗುರಿಕಾರರು ಇಬ್ಬರನ್ನೂ ಕರೆದು ಗೋದಲಿಯ ಮುಂದೆ ನಿಲ್ಲಿಸಿ ಕೈ ಕುಲುಕಿಸುತ್ತಾರೆ. ಹುಲ್ಲಿನ ಆ ಸಣ್ಣ ಕೊಟ್ಟಿಗೆಯಲ್ಲಿ ಬಾಲ ಯೇಸುವಿನ ಜಾಗ ಅಲ್ಲಿಯತನಕ ಖಾಲಿ ಇರುತ್ತದೆ.

ಹಿಂದಿನ ವರ್ಷದ ಆಗಮನ ಕಾಲದಲ್ಲಿ ತಂಗಿ ಒಮ್ಮೆ ಓಡಿ ಬಂದಿದ್ದಳು. ಕೆನ್ನೆಯಲ್ಲಿ ಬೆರಳಿನ ಗುರುತು, ಬೆನ್ನಲ್ಲಿ ಬೆಲ್ಟಿನದು. ಗುರಿಕಾರರು ಬಂದು ಕರೆದುಕೊಂಡು ಹೋದರು. ಗೋದಲಿಯ ಮುಂದೆ ಕೈ ಕುಲುಕಿಸಿದರು. ಅವನು ಅತ್ತನಂತೆ. ಎಲ್ಲರ ಕಣ್ಣಲ್ಲೂ ನೀರು ಬಂತಂತೆ. ಮರುದಿನ ಹಂದಿ ಕಡಿದರು, ಪಾಲಾಯಿತು, ಹಬ್ಬ ಗಮ್ಮತ್ತಾಯಿತು.

ಈ ವರ್ಷ ಅವನು ಕೊತ್ತಳಿಗೆಯಲ್ಲಿ, ಅಂದರೆ ತೆಂಗಿನ ಗರಿಯ ದಪ್ಪ ಬುಡದಲ್ಲಿ, ಅವಳ ಕೈ ಮುರಿದ. ತಲೆಗೆ ಬಂದ ಏಟನ್ನು ಅವಳು ಕೈಯಲ್ಲಿ ತಡೆದಳು, ಅದಕ್ಕೆ ಕೈ ಮುರಿಯಿತು, ತಲೆ ಉಳಿಯಿತು. ಆಸ್ಪತ್ರೆಯಲ್ಲಿ ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಹೇಳಿದಳು. ನಾನು ಅಲ್ಲೇ ನಿಂತು "ಸುಳ್ಳು" ಎಂದು ಕಿರುಚಿದೆ. ಡಾಕ್ಟರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. ಅವಳು ಬಾವಿಕಟ್ಟೆಯನ್ನು ಬಿಡಲಿಲ್ಲ.

ಠಾಣೆಗೆ ಹೋಗುವ ಎಂದರೆ, "ಕ್ರಿಸ್ಮಸ್ ಕಳೀಲಿ ಅಕ್ಕ" ಎಂದಳು. ಅಮ್ಮ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಒಮ್ಮೆ ಆ ನಾಯಿಯ ಕೈ ಕಡಿಯಬೇಕು ಅನ್ನುವುದು, ಇನ್ನೊಮ್ಮೆ ಹಬ್ಬದ ದಿನ ಮಗಳು ಗಂಡನ ಜೊತೆ ಪೂಜೆಗೆ ಹೋಗದಿದ್ದರೆ ಜನ ಏನೆಂದಾರು ಅನ್ನುವುದು. ಹೀಗಾಗಿ ಆ ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಇದ್ದ ಪ್ರಶ್ನೆ ಒಂದೇ. ಹಬ್ಬಕ್ಕೆ ಮೊದಲು ಇವಳು ಅಲ್ಲಿಗೆ ವಾಪಸು ಹೋಗುತ್ತಾಳಾ, ಇಲ್ಲವಾ. ಹೋದರೆ ಮುಂದಿನ ಏಟು ಕೈಗೆ ಬೀಳುವುದಿಲ್ಲ ಎಂದು ನನಗೆ ಖಾತ್ರಿ ಇತ್ತು.

ಮೂರನೇ ಭಾನುವಾರ ಕಳೆದ ಮೇಲೆ ಗುರಿಕಾರರು ಕಾರು ಮಾಡಿಕೊಂಡು ಬಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಮೇಲೆ ನನಗೆ ಬರುವಷ್ಟು ಸಿಟ್ಟು ಕೆಟ್ಟವರ ಮೇಲೆ ಬರುವುದಿಲ್ಲ. ಸಾಸ್ತಾನದ ಟೋಲಿನಲ್ಲಿ ನಿಂತೂ ನಿಂತೂ ಸಾಕಾಯಿತೆಂದು ಟೋಲಿನವರನ್ನು ಬೈದು, ಅಮ್ಮನ ಆರೋಗ್ಯ ವಿಚಾರಿಸಿ, ಚಾ ಕುಡಿದು, ಆಮೇಲೆ ಬಾಯಿ ಬಿಟ್ಟರು.

"ಅವ್ನಿಗೆ ಪಶ್ಚಾತ್ತಾಪ ಆಯ್ತ್. ಇದ್ ಕರುಣೆ ತೋರ್ಸು ಕಾಲ ಅಲ್ದಾ? ಒಂದ್ ಮನಿ ಒಡ್ಕಂಡ್ ನಾವ್ ಹಬ್ಬ ಮಾಡೂದ್ ಹ್ಯಾಂಗೆ?"

"ಕಳ್ದ್ ವರ್ಷವೂ ಆಗಿತ್ತಲೆ ಪಶ್ಚಾತ್ತಾಪ?" ಎಂದೆ.

"ಅಪ್ಪೂದ್ ಹಾಂಗೇ. ನಾವ್ ದಾರಿ ಸಮ ಮಾಡ್ತಾ ಹೋಯ್ಕ್."

ನನಗೆ ಎಲ್ಲಿತ್ತೋ, ಸಿಟ್ಟು ಬಂತು. "ದಾರಿ ಸಮ ಮಾಡೂದ್ ಅಂದ್ರೆ ಎಂತ ಅಂತ ನಿಮ್ಗ್ ಗೊತ್ತಿಲ್ಯಾ? ಹೈವೇ ಅಗ್ಲ ಮಾಡುಕೆ ಜೆಸಿಬಿ ಬಂದ್ ನಿಮ್ ಜಗ್ಲಿ ಒಡ್ದದ್ ಮರ್ತೋಯ್ತಾ? ಕೈ ಕುಲ್ಕಿರೆ ರಸ್ತಿ ಆತಿತ್ತಾ? ನಿಮ್ಗ್ ಬೇಕಾದ್ದ್ ದಾರಿ ಅಲ್ಲ ಗುರ್ಕಾರ್ರೆ, ಹಂದಿ ಕಡುಕೆ ಜನ!"

ಅಮ್ಮ "ಬಾಯ್ ಮುಚ್ಚ್" ಎಂದಳು. ಗುರಿಕಾರರ ಮುಖ ಕೆಂಪಾಯಿತು. ಆದರೆ ಅವರು ಏಳಲಿಲ್ಲ. ತಂಗಿಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಅವ್ನ್ ವಿಷ್ಯ ಬಿಡ್. ನಿನ್ನ್ ಅತ್ತೆ ದಿನಾ ಅಳ್ತ್ರ್. ಆ ಅಜ್ಜಿಗ್ ಒಂದ್ ಲೋಟ ಗಂಜಿ ಬಗ್ಗಿಸ್ ಕೊಡೂರಿಲ್ಲ. ಅವ್ರ್ ಮುಖ ಕಂಡಾರೂ ಬಾ ಮಗಾ."

ಅದು ನಾಟಿತು. ಅತ್ತೆ ಎಂದರೆ ತಂಗಿಗೆ ಜೀವ. ಹೊಡೆತ ತಿಂದ ದಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದವರು ಆ ಅಜ್ಜಿ. ಗುರಿಕಾರರು ಹೋದ ಮೇಲೆ ತಂಗಿ ಎಡಗೈಯಲ್ಲಿ ಸೀರೆ ಮಡಚಿ ಚೀಲಕ್ಕೆ ತುಂಬತೊಡಗಿದಳು. ನಾನು ಚೀಲ ಕಿತ್ತು ಬಿಸಾಡಿದೆ. ಅವಳು ಮತ್ತೆ ಎತ್ತಿ ತುಂಬಿದಳು. ನಾನು ಕೈ ಎತ್ತಿದೆ, ನಿಜ ಹೇಳುತ್ತೇನೆ, ಅವಳಿಗೆ ಹೊಡೆಯಲು ಕೈ ಎತ್ತಿದೆ. ಅವಳು ಪ್ಲಾಸ್ಟರಿನ ಕೈಯನ್ನು ತಲೆಗೆ ಅಡ್ಡ ಹಿಡಿದಳು, ನನ್ನನ್ನು ನೋಡದೆಯೇ. ನಾನು ಅಂಗಳಕ್ಕೆ ಹೋಗಿ ನಿಂತೆ.

ಮರುದಿನ ಬೆಳಿಗ್ಗೆ ಫೋನು ಬಂತು. ಅವರ ವಾಡೆಗೆ ಮೀನು ತರುವ ಹೆಂಗಸು. ಕಡಲ ತಡಿಯವಳು, ನನಗಿಂತ ಸ್ವಲ್ಪ ಸಣ್ಣವಳು. ತಂಗಿಯ ಮದುವೆಯಾದಂದಿನಿಂದ ಪರಿಚಯ. "ಹ್ವಾಯ್ ಬಾಯಮ್ಮ," ಎಂದಳು, ನಮ್ಮ ಹೆಂಗಸರನ್ನೆಲ್ಲ ಅವರು ಕರೆಯುವುದೇ ಹಾಗೆ, ಗಂಡಸರನ್ನು ಪೊರ್ಬುಗಳು ಎಂದು. "ತಂಗಿನ್ನ ಕಳ್ಸೂಕಿಂತ ಮುಂಚೆ ನೀವೊಂದ್ಸಲ ಬಂದ್ ಕಾಣಿ. ಅಜ್ಜಿ ಅಳೂದ್ ಸೊಸಿ ಇಲ್ಲ ಅಂತೇಳಿ ಅಲ್ಲ."

"ಮತ್ತೆ?"

"ಬಂದ್ ಕಾಣಿ ಅಂದೆ. ಫೋನಲ್ ಹೇಳೂದಲ್ಲ ಅದ್."

ಅಂಗಡಿಗೆ ಬೀಗ ಹಾಕಿದೆ. ಅಮ್ಮ ಕುಸ್ವಾರಿನ ಡಬ್ಬಿ ಕೈಗಿತ್ತಳು. ಹಬ್ಬಕ್ಕೆಂದು ಮಾಡಿ ಬೀಗರಿಗೂ ನೆರೆಮನೆಗೂ ಹಂಚುವ ತಿಂಡಿ ಅದು. ಕರ್ಜಿಕಾಯಿಯಂಥ ನೆವ್ರಿ, ಸಕ್ಕರೆ ಹಚ್ಚಿದ ಕಿಡಿಯೋ. ಬರಿಗೈಯಲ್ಲಿ ಹೋಗಬಾರದಂತೆ. ಮಗಳ ಕೈ ಮುರಿದ ಮನೆಗೂ ಬರಿಗೈಯಲ್ಲಿ ಹೋಗಬಾರದು, ಅದು ನಮ್ಮ ಜನ. ಕುಂದಾಪುರದಲ್ಲಿ ಬಸ್ಸು ಬದಲಿಸಿ ಬೈಂದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನೆಮನೆಗೂ ನಕ್ಷತ್ರ ಕಟ್ಟಿದ್ದರು. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಆ ಅಜ್ಜಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ನಿಮ್ಮ ಕಣ್ಣೀರಿಗೆ ನನ್ನ ತಂಗಿಯ ಹೆಣ ಬೇಕಾ ಎಂದು ಕೇಳುವವಳಿದ್ದೆ.

ಮನೆ ತಲುಪುವಾಗ ಸಂಜೆಯಾಗುತ್ತಿತ್ತು. ಹಿಂದೆ ಹಂದಿ ಗುರುಗುಡುತ್ತಿತ್ತು. ಅವನು ಕಾಣಲಿಲ್ಲ. ಅಜ್ಜಿ ಒಲೆಯ ಮುಂದೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಕರೆದೆ. ತಿರುಗಿದರು. ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಕೆನ್ನೆಯ ತನಕ ಕಪ್ಪುಗಟ್ಟಿತ್ತು. ಡಬ್ಬಿಯನ್ನು ಕೆಳಗಿಟ್ಟು ಅವರ ಹತ್ತಿರ ಕೂತೆ.

"ಇದ್ ಎಂತ ಅಜ್ಜಿ?"

ಅವರು ಮೊದಲು ತಮ್ಮ ಎಡಗೈ ಚಾಚಿದರು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಬಹಳ ಹಿಂದಿನದು. "ಇದ್ ಅವ್ನ್ ಅಪ್ಪ ಮಾಡದ್," ಎಂದರು. ಆಮೇಲೆ ಕಣ್ಣು ಮುಟ್ಟಿಕೊಂಡರು. "ಇದ್ ಇವ್ನ್. ಹೆಂಡ್ತಿ ಇದ್ದಾಗ್ಳಿಕೆ ನಂಗ್ ಬೀಳ್ತಿರ್ಲಿಲ್ಲ. ನಂಗೂ ರಾಜಿ ಮಾಡ್ಸಿರ್, ಆಗಿನ್ ಗುರ್ಕಾರ್. ಇಂಥಾದ್ದೇ ಗೋದ್ಲಿ ಎದ್ರ್." ಸೆರಗಿನಿಂದ ಮೂಗು ಒರೆಸಿಕೊಂಡರು. "ಅವ್ಳನ್ನ ಕಳ್ಸ್‌ಬ್ಯಾಡಿ. ಕೇಂತಾ? ನಾ ಸಾಯ್ತಿದ್ದೆ ಅಂತ ಹೇಳ್ ಕಳ್ಸಿರೂ ಕಳ್ಸ್‌ಬ್ಯಾಡಿ."

"ನೀವ್ ಏಳಿ. ಚೀಲ ತಕಣಿ. ನೀವೂ ಬನ್ನಿ."

"ನಾನಾ?" ಎಂದರು. ಈ ವಯಸ್ಸಿನವರೆಗೆ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ ಎಂದು ಕಾಣುತ್ತದೆ. ಆದರೆ ಎದ್ದರು. ಜಪಸರ, ಎರಡು ಸೀರೆ, ಅಷ್ಟೇ. ಡಬ್ಬಿ ಬಿಡಿಸಿ ಎರಡು ನೆವ್ರಿ ಸೆರಗಿಗೆ ಕಟ್ಟಿಕೊಂಡರು. ಹಸಿವಾಗಿರಬೇಕು ಎಂದುಕೊಂಡೆ.

ಹಿಂಬಾಗಿಲಿನಿಂದ ಅಂಗಳಕ್ಕಿಳಿಯುವಾಗ ಅವನು ಎದುರಾದ. ಕೈಯಲ್ಲಿ ಹಂದಿ ಚುಚ್ಚುವ ಉದ್ದ ಕತ್ತಿ, ಆಗಷ್ಟೇ ಮಸೆದು ತಂದದ್ದು. ನನ್ನನ್ನು ಕಂಡು ನಗಾಡಿದ. "ಹೋ, ಎಂತ ಅಪ್ರೂಪ! ಕೂಕಣಿ, ಶರ್ಬತ್ ಮಾಡ್ಸ್ತೆ." ಆಮೇಲೆ ತನ್ನ ತಾಯಿಯ ಕೈಯ ಚೀಲ ಕಂಡಿತು. ನಗು ಹಾಗೇ ಇತ್ತು. ಎಡಗೈಯಲ್ಲಿ ತಾಯಿಯ ಕಪಾಳಕ್ಕೆ ಬಿಟ್ಟ. ಅಜ್ಜಿ ಸದ್ದಿಲ್ಲದೆ ಕುಸಿದರು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪು. ನಾನು ಅವನ ಮೇಲೆ ಹಾರಿದ್ದು ಗೊತ್ತು. ಅವನು ನನ್ನ ಜುಟ್ಟು ಹಿಡಿದು ಬಟ್ಟೆ ಒಗೆಯುವ ಕಲ್ಲಿಗೆ ಜಪ್ಪಿದ. ಹಣೆ ಒಡೆಯಿತು, ಒಂದು ಕಣ್ಣಿಗೆ ರಕ್ತ ಇಳಿಯಿತು. ಅವನ ತೋಳಿಗೆ ಹಲ್ಲು ಹಾಕಿದೆ, ಬಿಡಲಿಲ್ಲ. ಮತ್ತೊಮ್ಮೆ ಜಪ್ಪಿದ. ಹಂದಿ ಹಗ್ಗ ಎಳೆದುಕೊಂಡು ಕಿರುಚತೊಡಗಿತು, ನಾನೂ ಕಿರುಚುತ್ತಿದ್ದೆ. ಅಕ್ಕಚ್ಚಿನ ಹೊತ್ತು. ಬಕೆಟು ಹಿಡಿದ ಹೆಂಗಸೊಬ್ಬಳು ಬೇಲಿಯ ಒಳಗೆ ಬಂದಳು. ಬಂದವಳು ಮೊದಲು ಮರಿಗೆಗೆ ಅಕ್ಕಚ್ಚು ಸುರಿದಳು, ಬಕೆಟು ಕವುಚಿ ಕುಟ್ಟಿದಳು, ಆಮೇಲೆ ತಿರುಗಿ ನಮ್ಮನ್ನು ನೋಡಿದಳು. ಆ ಹೆಂಗಸಿನ ಮೇಲೆ ನನಗೆ ಈಗಲೂ ಸಿಟ್ಟು ಹೋಗಿಲ್ಲ.

ಅವಳ ಹಿಂದೆಯೇ ಮೀನಿನವಳು ಬಂದಳು. ನಾನು ಬಂದದ್ದು ಕಂಡು ದಾರಿ ಬದಿಯಲ್ಲೇ ಕಾದಿದ್ದಳಂತೆ. ಒಂದು ಮಾತೂ ಆಡದೆ ತಲೆಯ ಮೇಲಿದ್ದ ಅಲ್ಯುಮಿನಿಯಂ ಬೋಗುಣಿಯನ್ನು ಐಸು ಬಂಗುಡೆ ಸಮೇತ ಅವನ ಮುಖಕ್ಕೆ ಬೀಸಿದಳು. ಅವನು ತತ್ತರಿಸಿದ, ಕತ್ತಿ ಜಾರಿತು. ಅವಳು ಅದನ್ನು ಕಾಲಿನಿಂದ ಬಾವಿಯ ಕಡೆ ದೂಡಿದಳು. ನನ್ನ ಕೈಗೆ ಸಿಕ್ಕಿದ್ದು ಅಲ್ಲೇ ಬಿದ್ದಿದ್ದ ಒಂದು ಕೊತ್ತಳಿಗೆ. ಮೊಣಕಾಲಿಗೆ ಕೊಟ್ಟೆ. ಬಿದ್ದ. ಬಿದ್ದ ಮೇಲೆ ಭುಜಕ್ಕೆ, ಬೆನ್ನಿಗೆ, ಕೈಗೆ. ಬಲಗೈಗೆ ಹುಡುಕಿ ಹುಡುಕಿ ಕೊಟ್ಟೆ. ನನಗೆ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ತಲೆಗೇ ಕೊಡುತ್ತಿದ್ದೆ.

ಕೊತ್ತಳಿಗೆಯ ತುದಿಯನ್ನು ಯಾರೋ ಹಿಡಿದರು. ಅಜ್ಜಿ. ಸೊಟ್ಟ ಕೈಯಲ್ಲಿ ಹಿಡಿದಿದ್ದರು. "ಸಾಕ್ ಮಗಾ. ಕೊಲ್‌ಬ್ಯಾಡ."

ಗುರಿಕಾರರು ಬೇಲಿಯ ಹತ್ತಿರ ನಿಂತಿದ್ದರು. ಅವರ ಕೈಯಲ್ಲೂ ಒಂದು ಬಕೆಟು. ಆ ದಿನದ ಸರದಿ ಅವರ ಮನೆಯದೂ ಇತ್ತೋ ಏನೋ. ಅಜ್ಜಿಯ ಕಣ್ಣು ನೋಡಿದರು, ನನ್ನ ಹಣೆ ನೋಡಿದರು, ಬಾವಿಯ ಹತ್ತಿರದ ಕತ್ತಿ ನೋಡಿದರು.

"ಪೊರ್ಬುಗಳೇ, ಈಗ್ ಮಾಡ್ಸಿ ರಾಜಿ," ಎಂದಳು ಮೀನಿನವಳು, ಬಂಗುಡೆ ಹೆಕ್ಕುತ್ತ.

ಅವರು ಬಕೆಟು ಕೆಳಗಿಟ್ಟರು. ಜೇಬಿನಿಂದ ಫೋನು ತೆಗೆದರು. ಎರಡು ಸಲ ಬೀಳಿಸಿ ಎತ್ತಿಕೊಂಡರು. ಪೊಲೀಸರಿಗೆ ಫೋನು ಮಾಡಿದವರು ಅವರೇ. ಬರುವವರೆಗೂ ಅವನ ಪಕ್ಕದಲ್ಲಿ ನಿಂತರು, ಓಡಿಹೋಗದ ಹಾಗೆ. ಹಾಗೆ ನಿಂತದ್ದಕ್ಕೆ ವಾಡೆಯಲ್ಲಿ ಕೆಲವರು ಅವರೊಡನೆ ಈಗಲೂ ಮಾತಾಡುವುದಿಲ್ಲ.

ಆ ಹಂದಿ ಏನಾಯಿತು ಎಂದು ಈ ಕತೆ ಕೇಳಿದವರೆಲ್ಲ ಕೇಳುತ್ತಾರೆ. ಬೇರೆ ವಾಡೆಯವರಿಗೆ ಕೊಟ್ಟರು. ತಂಗಿಯ ಕೈ ಏನಾಯಿತು ಎಂದು ಕೇಳುವವರು ಕಡಿಮೆ. ಕೂಡಿತು, ಆದರೆ ಜಡೆ ಹೆಣೆದುಕೊಳ್ಳಲು ಆಗುವುದಿಲ್ಲ, ನಾನೇ ಹೆಣೆಯುತ್ತೇನೆ. ಕೇಸು ನಡೆಯುತ್ತಿದೆ.

ಇದೆಲ್ಲ ಆಮೇಲಿನದು. ಆ ಸಂಜೆ ನನ್ನ ಹಣೆಗೆ ಹೊಲಿಗೆ ಹಾಕಿಸಿ ಠಾಣೆಗೆ ಹೋಗುವಷ್ಟರಲ್ಲಿ ಮೀನಿನವಳ ಫೋನು ಸಿಕ್ಕಿ ತಂಗಿ, ಅಮ್ಮ ಇಬ್ಬರೂ ರಿಕ್ಷಾ ಮಾಡಿಕೊಂಡು ಬಂದಿದ್ದರು. ತಂಗಿ ನನ್ನ ಕಡೆ ನೋಡಲಿಲ್ಲ. ಸೀದಾ ಅತ್ತೆಯ ಹತ್ತಿರ ಹೋಗಿ, ಮುಚ್ಚಿದ ಕಣ್ಣನ್ನು ಎಡಗೈಯಲ್ಲಿ ಸವರಿದಳು. "ಇನ್ನ್ ಆ ಮನಿಗೆ ನಾ ಯಾರಿಗೋಸ್ಕರ ಹೋಪ್ದ್?" ಎಂದಳು. ಬಾವಿಕಟ್ಟೆಯಲ್ಲಿ ಜಾರಿದ್ದಲ್ಲ, ಅವನೇ ಹೊಡೆದದ್ದು ಎಂದು ಪೊಲೀಸರಿಗೆ ತಾನೇ ಹೇಳಿದಳು, ಹೊರಗಿನವರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಆಮೇಲೆ ಅಜ್ಜಿಯ ಹೇಳಿಕೆ. ಲೇಡಿ ಪೊಲೀಸು ಸಮಾಧಾನದಿಂದ ಕೇಳಿ ಬರೆದುಕೊಂಡಳು. ಸೊಸೆಗೆ ಹೊಡೆದದ್ದು, ತನಗೆ ಹೊಡೆದದ್ದು, ಬೆಲ್ಟು, ಕೊತ್ತಳಿಗೆ, ಕತ್ತಿ ತೋರಿಸಿ ಹೆದರಿಸಿದ್ದು. ಮಗ ಎಂದು ಅಜ್ಜಿ ಯಾವುದನ್ನೂ ಕಡಿಮೆ ಮಾಡಲಿಲ್ಲ, ಸಿಟ್ಟಿಗೆ ಏನನ್ನೂ ಸೇರಿಸಲೂ ಇಲ್ಲ.

"ನನ್ ಗಂಡ ಹೊಡ್ದದ್ದೂ ಬರೀರಿ," ಎಂದರು ಕಡೆಗೆ.

"ಅವ್ರ್ ತೀರ್ಕಂಡ್ರಲೆ ಅಜ್ಜಿ. ಅದ್ಕೆ ಕೇಸ್ ಆತಿಲ್ಲ."

"ಆತಿಲ್ದಿರೂ ಅಡ್ಡಿಲ್ಲೆ. ಬರೀರಿ."

ಅವಳು ಬರೆದಳು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಒತ್ತಿದ ಮೇಲೆ ಶಾಯಿ ಬೆರಳನ್ನು ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೆರಗಿನ ಗಂಟು ಬಿಚ್ಚಿದರು. ಎರಡು ನೆವ್ರಿ. ಆ ಗಲಾಟೆಯಲ್ಲಿ ಒಂದು ಪುಡಿಯಾಗಿತ್ತು.

"ಅವ ಮಧ್ಯಾಹ್ನ ಉಣ್ಲಿಲ್ಲ," ಎಂದರು. "ಇದ್ ಅವ್ನಿಗ್ ಕೊಡ್ತ್ರ್ಯಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಹಸಿವಿಗೆ ಕಟ್ಟಿಕೊಂಡದ್ದಲ್ಲ, ಮಗನಿಗೆ ಕಟ್ಟಿಕೊಂಡದ್ದು. ಅವನು ಒಳಗೆ ಕೊಳೆಯಲಿ, ಹಸಿದು ಬೀಳಲಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ನನ್ನ ಹಾಗೆ ಹೇಳುವವರೂ ಬೇಕು ಎಂದೇ ಈಗಲೂ ನನ್ನ ಎಣಿಕೆ. ಆದರೆ ತಂಗಿ ಎದ್ದಳು. ಒಡೆಯದೆ ಉಳಿದ ನೆವ್ರಿಯನ್ನು ಅತ್ತೆಯ ಕೈಯಿಂದ ತೆಗೆದು ಲೇಡಿ ಪೊಲೀಸಿಗೆ ಕೊಟ್ಟಳು. "ಅವ್ನ್ ಅಬ್ಬಿ ಕೊಟ್ಟದ್ ಅಂತ ಹೇಳಿ. ನನ್ ಹೆಸ್ರ್ ಹೇಳ್‌ಬ್ಯಾಡಿ."

ನೆವ್ರಿ ಒಳಗೆ ಹೋಯಿತು. ಅಜ್ಜಿ ಸೆರಗಿನ ಪುಡಿಯನ್ನು ಬಾಯಿಗೆ ಹಾಕಿಕೊಂಡು, ಶಾಯಿ ಬೆರಳನ್ನು ಗೋಡೆಗೆ ಒರೆಸಿ ಎದ್ದು ನಿಂತರು.

"ಬ್ರಹ್ಮಾವರಕ್ಕೆ ಇನ್ನ್ ಬಸ್ ಇತ್ತಾ?" ಎಂದು ಕೇಳಿದರು.